ಧಮ್ಮಶೀಲಾಳ ಸೊನ್ನೆ

ತಾಂಡೂರಿನ ಫೈನಲ್ಲಿಗೆ ಹೊರಟ ಬೆಳಿಗ್ಗೆಯೇ ನನಗೂ ನನ್ನ ಗಂಡನಿಗೂ ಜಗಳ ಹತ್ತಿತು. ನಾನು ತೆಲಂಗಾಣದ ಗಡಿಯೂರು ಜಹೀರಾಬಾದಿನ ಕನ್ನಡದ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಕೋಚು. ಗಂಡ ವೀರಪ್ಪನವರು ಮೊಬೈಲಿನಲ್ಲಿ ಅಮೆರಿಕದ ಆಟ ನೋಡಿ ನೋಡಿ ಪಂಡಿತರಾದವರು.

"ಪ್ರೇಮಲಾ, ಕಪ್ ಗೆದ್ದ ಯಾವ ಟೀಮರ ನೋಡು. ಸ್ಟಾರ್‌ಗಳು ದಣದಾಗ ಬೆಂಚಿನಿಂದ ಎದ್ದು ಬಂದು ದೂರಲಿಂದ ಮೂರು ಪಾಯಿಂಟ್ ಹೊಡಿಯಾವ್ರಿಗೇ ಬೆಲಿ. ಶಿವಕಾಂತಾನ್ನ ಆಡ್ಸು. ಆ ಧಮ್ಮಶೀಲಾ ಎಂದಾದ್ರೂ ಒಂದು ಪಾಯಿಂಟ್ ಹೊಡದಾಳೇನು?"

"ನಿಮ್ಮ ತಲಿ! ಆಕಿ ಎದುರಿನವ್ರಿಗೆ ಅಡ್ಡ ನಿಂತು ದಾರಿ ಮಾಡಿಕೊಟ್ಟಿದ್ದಕ್ಕೇ ಉಳದವ್ರು ಹೊಡದಾರ. ಅದನ್ನ ಯಾರೂ ಎಣಸಲ್ಲ, ನೀವೂ ಎಣಸಲ್ಲ."

ಬಾಯಿ ಜೋರು ಮಾಡಿದೆನಾದರೂ ನನಗೆ ಒಳಗೊಳಗೇ ಪುಕುಪುಕು. ಧಮ್ಮಶೀಲಾಳ ಅಪ್ಪ ತುಳಜಪ್ಪ ಟ್ರ್ಯಾಕ್ಟರ್ ಕಾರ್ಖಾನೆಯ ಕೆಲಸಗಾರರು; ಮೊದಲ ಸಲ ಆಟ ನೋಡಲು ಬರುತ್ತಿದ್ದರು. "ಸುಮ್ ಕೂತು ಬರಾದಾದ್ರ ಈ ಆಟ ಇವತ್ತಿಗೇ ಸಾಕು ಮಾಡವ್ವ" ಎಂದು ಮಗಳಿಗೆ ಹೇಳಿಬಿಟ್ಟಿದ್ದರು. ಅಷ್ಟಾದರೂ ಕೊನೆಗೆ ಗಂಡನ ಮಾತಿಗೇ ಮಣಿದು ಶಿವಕಾಂತಾಳನ್ನು ಅಂಗಳಕ್ಕೆ ಇಳಿಸಿದೆ. ಧಮ್ಮಶೀಲಾ ಬೆಂಚಿಗೆ ಬಿದ್ದಳು.

ಅಂದು ನಾನೊಂದು ಜಾಣತನ ಮಾಡಿದ್ದೆ. ತಾಂಡೂರಿನವರು ತೆಲುಗಿನವರು, ನಾವು ಕನ್ನಡದಲ್ಲಿ ಕೂಗಿಕೊಂಡರೆ ಅವರಿಗೇನು ತಿಳಿದೀತು! ಆದರೆ ನಮ್ಮವರು "ಎಡಕ್ಕ!" ಅನ್ನುವುದೇ ತಡ, ಅವರೂ ಎಡಕ್ಕೇ ನುಗ್ಗಿ ಚೆಂಡು ಕಸಿದುಕೊಂಡರು. ಅರ್ಧ ಆಟ ಮುಗಿದಾಗ ನಾವು ಬಹಳ ಹಿಂದಿದ್ದೆವು. ಅವರ ಕ್ಯಾಪ್ಟನ್ನು ನೀರು ಕುಡಿಯುತ್ತ ನನ್ನನ್ನು ನೋಡಿ ನಕ್ಕಳು.

"ಟೀಚರ್, ನಮ್ಮವ್ವನ ತವರುಮನಿ ಕರ್ನಾಟಕದ ಸೇಡಂರಿ. ನಮ್ಮ ಟೀಮಿನಾಗ ಎಲ್ಲಾರಿಗೂ ಕನ್ನಡ ಬರ್ತದ್ರಿ."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ತಾಂಡೂರಿನ ಬಜಾರಿನಲ್ಲಿ ನಾನೇ ಎಷ್ಟು ಸಲ ಕನ್ನಡದಲ್ಲಿ ಚೌಕಾಸಿ ಮಾಡಿಲ್ಲ?

ಆಗ ಧಮ್ಮಶೀಲಾ ಬೆಂಚಿನಿಂದ ಎದ್ದಳು. "ನನ್ನ ಇಳಸ್ರಿ ಟೀಚರ್. ಕೂಗೋ ಕೆಲಸ ನಂದು. ಮುಷ್ಟಿ ಕಟ್ಟಿ ಕೂಗಿದ್ರ ಸುಳ್ಳು, ನಮ್ಮವ್ರು ಉಲ್ಟಾ ಹೋಗ್ಲಿ. ಕೈ ಬಿಚ್ಚಿ ಕೂಗಿದ್ರ ಖರೇ."

ಇನ್ನೊಬ್ಬಳನ್ನು ಕೂರಿಸಿ ಆಕೆಯನ್ನು ಇಳಿಸಿದೆ. ಎಂಥ ಗಂಟಲು ಆ ಹುಡುಗಿಯದು! ಆಕೆ "ಎಡಕ್ಕ!" ಎಂದು ಕಿರುಚಿದರೆ ತಾಂಡೂರಿನವರೆಲ್ಲ ಎಡಕ್ಕೆ, ಚೆಂಡು ಬಲಕ್ಕೆ. ಅವರು ಎಚ್ಚೆತ್ತುಕೊಂಡರೆ ಈಕೆ ನಿಜವನ್ನೇ ಕೂಗಿ ಮತ್ತೆ ದಾರಿ ತಪ್ಪಿಸಿದಳು. ನಾನು ಕುರ್ಚಿಯ ಮೇಲೆ ನಿಂತು ಕುಣಿದೆ. ಕೊನೆಯ ಗಳಿಗೆಯಲ್ಲಿ ಆಕೆ ಅಡ್ಡ ನಿಂತು ಎದುರಾಳಿಯ ಪೆಟ್ಟು ತಿಂದು ನೆಲಕ್ಕೆ ಬಿದ್ದಳು. ಆಕೆ ಬಿಡಿಸಿಕೊಟ್ಟ ಜಾಗದಿಂದ ಶಿವಕಾಂತಾ ಎಸೆದಳು. ಚೆಂಡು ಒಳಗೆ, ಕಪ್ ನಮಗೆ!

"ನೋಡ್ದೇನು? ಹೊಡದಾಕಿ ಶಿವಕಾಂತಾ!" ಆಟ ನೋಡಲು ಬಂದಿದ್ದ ಗಂಡ ಕೂಗಿದರು.

"ಹೊಡಿಯಾಕ ಜಾಗ ಮಾಡಿಕೊಟ್ಟಾಕಿ ಯಾರ್ರಿ?" ನಾನೂ ಬಿಡಲಿಲ್ಲ.

ಅಷ್ಟರಲ್ಲಿ ತುಳಜಪ್ಪ ಅಂಕಪಟ್ಟಿಯ ಮುಂದೆ ನಿಂತಿರುವುದು ಕಂಡಿತು. ಮಗಳ ಹೆಸರಿನ ಮುಂದೆ ದೊಡ್ಡ ಸೊನ್ನೆ. ಜಗಳಕ್ಕೇ ತಯಾರಾಗಿ ಹೋದೆ.

"ಅಣ್ಣಾ, ಆ ಸೊನ್ನಿ ನೋಡಿ ಏನೂ ಅನಬ್ಯಾಡ್ರಿ..."

"ಸೊನ್ನಿ ಯಾವಂಗ ಬೇಕ್ರಿ? ನಾ ಆಟ ನೋಡ್ದೆ." ಕೂಗಿ ಕೂಗಿ ಅವರ ಗಂಟಲು ಬಿದ್ದುಹೋಗಿತ್ತು. ಬಾಗಿ, ಪಕ್ಕಕ್ಕೆ ಬಂದು ನಿಂತ ಮಗಳ ಮೊಣಕಾಲಿನ ಮಣ್ಣು ಒರೆಸಿದರು. "ಮುಂದಿನ ಆಟ ಯಾವಾಗ್ರಿ ಟೀಚರ್? ಈಗೇ ಹೇಳ್ರಿ. ಈಕಿ ಅವ್ವಗೂ ಕರಕೊಂಡು ಬರಬೇಕು."