ಬಿದ್ದರೆ ನಾನೇ ಎತ್ತುವಂಥದ್ದು

ಹೆಲ್ಮೆಟ್ಟಿಗೆ ನೂರ ಎಂಬತ್ತು ಡಾಲರ್. ಹರಡು ಮುಚ್ಚುವ ಬೂಟಿಗೆ ತೊಂಬತ್ತೈದು, ಅದೂ ರಿಯಾಯಿತಿಯಲ್ಲಿ. ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ಎರಡು ದಿನದ ತರಬೇತಿಗೆ ಇನ್ನೂರ ನಲವತ್ತು. ಇಷ್ಟೆಲ್ಲ ಕಳೆದ ಮೇಲೆ ಲವಾನ್ ಕುಬಿಚೆಕ್‌ಳ ಕೈಯಲ್ಲಿ ಉಳಿದದ್ದು ಮೂರು ಸಾವಿರಕ್ಕೆ ಸ್ವಲ್ಪ ಕಡಿಮೆ. ಶೋರೂಮಿನವನು ಕೈಯಿಟ್ಟು ಸವರುತ್ತಿದ್ದ ಬೈಕಿನ ಬೆಲೆ ಒಂಬತ್ತು ಸಾವಿರ.

"ಚಿಕ್ಕದು ತಗೊಂಡ್ರೆ ಒಂದೇ ತಿಂಗಳಿಗೆ ಬೇಜಾರಾಗುತ್ತೆ ಮೇಡಂ. ಎಲ್ಲರೂ ವಾಪಸ್ ಬಂದು ಇದನ್ನೇ ಕೇಳೋದು. ಕಂತು ಮಾಡ್ಕೊಡ್ತೀನಿ, ಚಿಂತೆ ಬಿಡಿ."

"ಸರಿ. ಇದನ್ನ ನೆಲಕ್ಕೆ ಮಲಗಿಸು."

"ಏನು?"

"ಪಕ್ಕಕ್ಕೆ ಮಲಗಿಸಪ್ಪ. ನಾನು ಎತ್ತಿ ನೋಡ್ಬೇಕು."

ಅವನು ನಕ್ಕ. ಅವಳು ನಗಲಿಲ್ಲವೆಂದು ಗೊತ್ತಾದಾಗ ಅವಳ ಗಂಡನ ಕಡೆ ತಿರುಗಿದ. ಡ್ವೇನ್ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ತೂಗುತ್ತಿದ್ದ ತನ್ನ ಬಲಗೈಯನ್ನು ಸರಿಮಾಡಿಕೊಳ್ಳುತ್ತ ಛಾವಣಿಯ ಫ್ಯಾನು ನೋಡುತ್ತಿದ್ದ.

"ನನ್ನ ಮುಖ ನೋಡ್ಬೇಡ ಗುರುವೇ," ಅಂದ. "ಮನೇಲಿ ಒಂದು ಆನೆ ಕಟ್ಟಿದೀನಿ, ಅದನ್ನೇ ಓಡಿಸು ಅಂದ್ರೆ ಕೇಳಲ್ಲ ಇವಳು."

ಆ ಆನೆಯಂಥ ಬೈಕಿನ ತೂಕ ಎಂಟುನೂರೈವತ್ತು ಪೌಂಡು. ಇಪ್ಪತ್ತೊಂಬತ್ತು ವರ್ಷ ಲವಾನ್ ಅಂಥವುಗಳ ಹಿಂದಿನ ಸೀಟಿನಲ್ಲಿ ಡ್ವೇನ್‌ನ ಬೆನ್ನು ನೋಡುತ್ತ ಕೂತಿದ್ದಳು. ಹಿಂದಿನ ಸೀಟಿನಿಂದ ವಿಸ್ಕಾನ್ಸಿನ್ ರಾಜ್ಯದ ರಸ್ತೆಗಳೆಲ್ಲ ಎಡಬಲಗಳಲ್ಲೇ ಇರುತ್ತವೆ, ಎದುರಿಗೆ ಏನೂ ಇರುವುದಿಲ್ಲ. ಡ್ವೇನ್‌ನ ಭುಜಕ್ಕೆ ಶಸ್ತ್ರಚಿಕಿತ್ಸೆ ಆದ ಮೇಲೆ, ಮೇ ತಿಂಗಳಲ್ಲಿ, ತಾನೇ ಓಡಿಸುತ್ತೇನೆಂದು ಅವಳು ಆನೆಯನ್ನು ಗ್ಯಾರೇಜಿನಿಂದ ಹಿಂದಕ್ಕೆ ತಳ್ಳಿದಳು. ಇಳಿಜಾರಿನಲ್ಲಿ ಅದು ವಾಲಿತು. ವಾಲಿದ ಮೇಲೆ ಅದನ್ನು ಯಾರು ಹಿಡಿಯುತ್ತಾರೆ? ಅವಳು ಪಕ್ಕಕ್ಕೆ ಹಾರಿಕೊಂಡಳು. ಎದುರು ಮನೆಯ ಇಬ್ಬರು ಗಂಡಸರು ಟಿವಿ ಬಿಟ್ಟು ಬಂದು ಎತ್ತಿಕೊಡುವವರೆಗೆ ಬೈಕು ಪೆಟ್ರೋಲು ಸುರಿಸುತ್ತ ಬಿದ್ದಿತ್ತು, ಬೀದಿಯ ಅರ್ಧ ಜನ ಪರದೆ ಸರಿಸಿ ನೋಡಿದರು. ಆ ಶುಕ್ರವಾರ, ವಾರವಾರದ ರೂಢಿಯಂತೆ ಹೋಟೆಲಿನಲ್ಲಿ ಕರಿದ ಮೀನು ತಿನ್ನುವಾಗ ಡ್ವೇನ್ ಆ ಕಥೆಯನ್ನು ಸ್ನೇಹಿತರಿಗೆ ಅಭಿನಯಿಸಿ ತೋರಿಸಿದ. ಗಾರ್ಡಿ ಎಂಬವನಂತೂ ಬಿಯರ್ ಮೂಗಿಗೇರಿ ಕೆಮ್ಮುವಷ್ಟು ನಕ್ಕ.

ಲವಾನ್ ಅಂದೇ ನಿಶ್ಚಯಿಸಿದಳು. ಓಡಿಸಿದರೆ ತಾನು ಒಬ್ಬಳೇ ಎತ್ತಬಲ್ಲ ಬೈಕನ್ನೇ ಓಡಿಸುವುದು.

ತರಬೇತಿ ಕೊಟ್ಟವಳು ಅಂಚೆ ಇಲಾಖೆಯಿಂದ ನಿವೃತ್ತಳಾದ ಹೆಂಗಸು. "ತೋಳಲ್ಲಿ ಎತ್ತಕ್ಕೆ ಹೋಗ್ಬೇಡ, ಸೊಂಟ ಹೋಗುತ್ತೆ," ಎಂದು ಹೇಳಿಕೊಟ್ಟಿದ್ದಳು. "ಬೈಕಿಗೆ ಬೆನ್ನು ಕೊಡು. ಸೀಟಿಗೆ ಕುಂಡಿ ಒತ್ತು. ಕಾಲಲ್ಲೇ ಹಿಂದ್‌ಹಿಂದಕ್ಕೆ ನಡಿ. ಬಲಕ್ಕೆ ಬಿದ್ದಿದ್ರೆ ಮೊದ್ಲು ಸ್ಟ್ಯಾಂಡ್ ಬಿಡಿಸ್ಕೊ, ಇಲ್ದಿದ್ರೆ ಎತ್ತಿದ್ದು ಆಚೆ ಪಕ್ಕಕ್ಕೆ ಮಗುಚುತ್ತೆ."

ಶೋರೂಮಿನವನು ಮಲಗಿಸಲು ಒಪ್ಪಲಿಲ್ಲ. ಇನ್ನೆರಡು ಅಂಗಡಿಯವರೂ ಒಪ್ಪಲಿಲ್ಲ. ಕೊನೆಗೆ ಒಪ್ಪಿದವನು ಎಲ್ರಾಯ್ ಎಂಬ ಎಪ್ಪತ್ತೆಂಟರ ಮುದುಕ. ಹಸು ಮಾರಿ ಖಾಲಿಯಾದ ಕೊಟ್ಟಿಗೆಯಲ್ಲಿ ಅವನ ಐನೂರು ಸಿಸಿಯ ಹಳೇ ಕ್ರೂಸರ್ ಬೈಕು ನಿಂತಿತ್ತು. ಸೀಟು ತಗ್ಗಾಗಿತ್ತು. ಲವಾನ್ ಕೂತಾಗ ಎರಡೂ ಪಾದ, ಹಿಮ್ಮಡಿ ಸಮೇತ, ನೆಲಕ್ಕೂರಿದವು.

"ದೊಡ್ಡವನ್ನೆಲ್ಲ ಓಡಿಸಿ ಓಡಿಸಿ ಇಲ್ಲಿಗೆ ಇಳಿದೆ," ಅಂದ ಮುದುಕ. "ಈಗ ಮಂಡಿ ಇದಕ್ಕೂ ಬೇಡ ಅಂತಿದೆ. ನೀನು ಇದರಿಂದ ಮೇಲಕ್ಕೆ ಹತ್ತು."

"ಮಲಗಿಸ್ಲಾ?"

"ತಾಳು ತಾಯಿ, ಬಣ್ಣ ಕೆತ್ತೋಗುತ್ತೆ." ಹಳೇ ಜಮಖಾನ ತಂದು ಹಾಸಿದ. ಇಬ್ಬರೂ ಸೇರಿ ಬೈಕನ್ನು ಮಗು ಮಲಗಿಸಿದಂತೆ ಮಲಗಿಸಿದರು.

ಮೊದಲ ಸಲ ಬೂಟು ಜಾರಿತು. ಎರಡನೇ ಸಲ ಬೈಕು ಮಂಡಿಯವರೆಗೆ ಬಂದು ಮತ್ತೆ ಕೂತಿತು. ಡ್ವೇನ್ ಒಂದು ಹೆಜ್ಜೆ ಮುಂದಿಟ್ಟ.

"ಅಲ್ಲೇ ನಿಂತ್ಕೋ!"

"ನಿನ್ನ ಬೆನ್ನು ಮುರಿದ್ರೆ ಅಡುಗೆ ಮಾಡೋರು ಯಾರೇ?"

"ನಿಂಗೆ ಎಡಗೈ ಚೆನ್ನಾಗಿದೆಯಲ್ಲ."

ಎಲ್ರಾಯ್ ಎರಡೂ ಕೈ ಜೇಬಿಗಿಳಿಸಿ ಸುಮ್ಮನೆ ನಿಂತಿದ್ದ. ಮೂರನೇ ಸಲ ಲವಾನ್ ಉಸಿರು ಬಿಟ್ಟು, ತಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಚೀಲಗಳ ರಾಶಿಯನ್ನು ಬೆನ್ನಿನಿಂದ ಒತ್ತಿ ಸರಿಸುವಂತೆ, ಗೇಣುಗೇಣೇ ಹಿಂದಕ್ಕೆ ನಡೆದಳು. ಬೈಕು ಎದ್ದು ಸ್ಟ್ಯಾಂಡಿನ ಮೇಲೆ ಕೂತಿತು. ಎರಡು ಸಾವಿರದ ಆರುನೂರು ಹೇಳಿದ್ದ ಮುದುಕ ತಾನಾಗಿಯೇ ಇನ್ನೂರು ಬಿಟ್ಟ. "ಜಮಖಾನದ ಬಾಡಿಗೆ ಕಳೆದು," ಅಂದ.

ಆ ಶುಕ್ರವಾರ ಅವಳು ಮೀನಿನ ಹೋಟೆಲಿಗೆ ಬೈಕಿನಲ್ಲೇ ಹೋದಳು. ಡ್ವೇನ್ ಹಿಂದಿನಿಂದ ಪಿಕಪ್ಪಿನಲ್ಲಿ, ಎಡಗೈಯಲ್ಲಿ ಓಡಿಸುತ್ತ ಬಂದ. ಬಾಗಿಲಲ್ಲಿ ಗಾರ್ಡಿ ಮತ್ತವನ ಜೊತೆಯವರು ಗ್ಲಾಸು ಹಿಡಿದು ನಿಂತಿದ್ದರು.

"ಬಂತಪ್ಪ ಹೊಲಿಗೆ ಮಿಷನ್!" ಎಂದು ಗಾರ್ಡಿ ಕೂಗಿದ.

ಹೊಸಬರು ಮಾಡುವ ತಪ್ಪನ್ನೇ ಲವಾನ್ ಮಾಡಿದಳು. ಹ್ಯಾಂಡಲ್ ಬಲಕ್ಕೆ ತಿರುಗಿದ್ದಾಗಲೇ, ಜಲ್ಲಿಕಲ್ಲಿನ ಮೇಲೆ, ಮುಂದಿನ ಬ್ರೇಕು ಹಿಡಿದಳು. ನಡೆಯುವಷ್ಟೂ ವೇಗವಿರಲಿಲ್ಲ. ಆದರೂ ಬೈಕು ಕಾಲಡಿಯಿಂದ ಜಾರಿ ಬಲಕ್ಕೆ ಬಿತ್ತು, ಅವಳು ಜಲ್ಲಿಯ ಮೇಲೆ ಕೂತಿದ್ದಳು. ಕನ್ನಡಿ ಒಡೆದ ಸದ್ದಾಯಿತು.

ಗ್ಲಾಸುಗಳನ್ನು ಕೆಳಗಿಟ್ಟು ಐವರು ಓಡಿ ಬಂದರು. ಒಳ್ಳೆಯವರೇ. ಗಾರ್ಡಿ ಆಗಲೇ ಹ್ಯಾಂಡಲ್ಲಿಗೆ ಕೈ ಹಾಕಿದ್ದ.

"ಮುಟ್ಟಬೇಡ."

"ಅಯ್ಯೋ, ಹಟ ಬಿಡು ಅಕ್ಕ, ಒಂದು ನಿಮಿಷದ ಕೆಲಸ."

"ಗಾರ್ಡಿ, ಕೈ ತೆಗೀತೀಯೋ, ಬೂಟು ಅದರ ಮೇಲಿಡ್ಲೋ?"

ಅವನು ಕೈ ತೆಗೆದ. ಲವಾನ್ ಎದ್ದು, ಪ್ಯಾಂಟು ಕೊಡವಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. ಬಗ್ಗಿ ಸ್ಟ್ಯಾಂಡು ಬಿಡಿಸಿದಳು. ಬೂಟಿನಿಂದ ಜಲ್ಲಿ ಕೆರೆದು ಗಟ್ಟಿನೆಲ ಮಾಡಿಕೊಂಡಳು. ಆಮೇಲೆ ಬೈಕಿಗೆ ಬೆನ್ನು ಕೊಟ್ಟು, ಐವರು ಗಂಡಸರಿಗೆ ಮುಖ ಕೊಟ್ಟು, ಕುಕ್ಕರಗಾಲಲ್ಲಿ ಕೂತಳು. ಆ ಭಂಗಿ ಚೆಂದವೇನೂ ಇರಲಿಲ್ಲ. ಮುಖ ಬೀಟ್‌ರೂಟಿನಂತೆ ಕೆಂಪಗಾಯಿತು. ಯಾರೂ ನಗಲಿಲ್ಲ. ಪಿಕಪ್ಪಿನಿಂದಿಳಿದ ಡ್ವೇನ್ ತನ್ನ ಒಂದು ಕೈಯನ್ನು ಜೇಬಿಗೆ ಇಳಿಸಿ ನಿಂತಿದ್ದ. ಬೈಕು ಎದ್ದು ಸ್ಟ್ಯಾಂಡಿಗೆ ಒರಗಿತು.

"ಮೀನು ಆರಿ ಹೋಗುತ್ತೆ, ನಡೀರಿ," ಅಂದಳು.

ಆ ರಾತ್ರಿ ಊಟದ ಹೊತ್ತಿನಲ್ಲಿ ಮೇ ತಿಂಗಳ ಕಥೆ ಯಾರಿಗೂ ನೆನಪಾಗಲಿಲ್ಲ.

ಭಾನುವಾರ ಗ್ಯಾರೇಜಿನಲ್ಲಿ ಸ್ಪ್ಯಾನರ್ ಸದ್ದು ಕೇಳಿ ಅವಳು ಹೋಗಿ ನೋಡಿದಳು. ಡ್ವೇನ್ ಎಡಗೈಯಲ್ಲಿ ತಿಣುಕಾಡುತ್ತ ಆನೆಯ ಹಿಂದಿನ ಸೀಟು ಮತ್ತು ಅದರ ಒರಗುದಿಂಬನ್ನು ಬಿಚ್ಚುತ್ತಿದ್ದ.

"ಭುಜ ಸರಿಹೋದ ಮೇಲೆ ಒಬ್ಬನೇ ತಾನೇ ಕೂರೋದು," ಅಂದ, ತಿರುಗಿ ನೋಡದೆ. "ಸುಮ್ನೆ ಭಾರ. ಬಿಚ್ಚಿದ್ರೆ ಹದಿನೈದು ಪೌಂಡು ಹಗುರ."

"ನನ್ನ ತೂಕಾನೂ ಸೇರಿಸಿ ಲೆಕ್ಕ ಹೇಳು."

"ಅದನ್ನ ಹೇಳಿ ಬದುಕೋಕಾಗುತ್ತಾ?"

ಅವಳು ಬೋಲ್ಟಿನ ಇನ್ನೊಂದು ತುದಿ ಹಿಡಿದಳು. ಸೀಟನ್ನು ಒರೆಸಿ, ಬಣ್ಣದ ಡಬ್ಬಿಗಳ ಪಕ್ಕ ಅಟ್ಟದ ಮೇಲಿಟ್ಟರು. ಇಪ್ಪತ್ತೊಂಬತ್ತು ವರ್ಷ ಅವಳು ಕೂತ ಜಾಗದಲ್ಲಿ ಈಗ ಬರಿಯ ಕಪ್ಪು ತಗಡಿತ್ತು. ಅವಳ ಬೈಕಿನ ಒಡೆದ ಕನ್ನಡಿಗೆ ಹದಿನೆಂಟು ಡಾಲರ್ ಆಯಿತು. ಬ್ರೇಕಿನ ಹಿಡಿ ತುದಿಯಲ್ಲಿ ಸ್ವಲ್ಪ ಬಾಗಿತ್ತು. ಅದನ್ನು ಅವಳು ಬದಲಿಸಲಿಲ್ಲ, ಬೆರಳಿಗೆ ಸರಿಯಾಗಿ ಸಿಗುತ್ತಿತ್ತು.