ಹಳದಿ ಟೇಪಿನ ಹೆಲ್ಮೆಟ್

ಬೈಕ್ ಪಾರ್ಕಿನ ಕಪಾಟಿನಲ್ಲಿದ್ದ ಹೆಲ್ಮೆಟ್‌ಗಳಲ್ಲಿ ನನ್ನದಕ್ಕೂ ಮಾರೆಪ್ಪ ಮಾವನದಕ್ಕೂ ಹಳದಿ ಟೇಪು ಅಂಟಿಸಿದರು. ಬೇರೆ ಯಾವುದಕ್ಕೂ ಅಂಟಿಸಲಿಲ್ಲ.

ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಬಂದಾಗ ಅದನ್ನು ನೋಡಿದೆ. ಕರೆಂಟ್ ವೈರಿಗೆ ಸುತ್ತುವ ಟೇಪು. ಹೆಲ್ಮೆಟ್ಟಿನ ಹಿಂಬದಿಗೆ, ಕುತ್ತಿಗೆಯ ಹತ್ತಿರ, ಬೆರಳುದ್ದ ಕತ್ತರಿಸಿ ಅಂಟಿಸಿದ್ದರು. ಮೊದಲು ಎಲ್ಲದರ ಜೊತೆ ಇರುತ್ತಿದ್ದ ನಮ್ಮ ಹೆಲ್ಮೆಟ್‌ಗಳನ್ನು ಕಪಾಟಿನ ತಳಕ್ಕೆ, ಪಂಕ್ಚರ್ ಸಾಮಾನಿನ ಪಕ್ಕಕ್ಕೆ ಇಳಿಸಿದ್ದರು.

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ, ಬಾಳೆತೋಟಗಳು ಮುಗಿದು ಬಂಡೆಗುಡ್ಡ ಶುರುವಾಗುವಲ್ಲಿ ನಮ್ಮ ಪಾರ್ಕ್ ಇದೆ. ಇಲ್ಲಿ ಬೈಕ್ ಅಂದರೆ ಪೆಟ್ರೋಲ್ ಗಾಡಿಯಲ್ಲ. ದಪ್ಪ ಟೈರಿನ, ಹಿಂದೆ ಮುಂದೆ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ಲು. ಪಿಕಪ್ ಗಾಡಿಯಲ್ಲಿ ಸೈಕಲ್ಲುಗಳನ್ನು ಗುಡ್ಡದ ನೆತ್ತಿಗೆ ಒಯ್ದು, ಅಲ್ಲಿಂದ ಬಂಡೆಗಳ ಮೇಲೆ ಹಾಯ್ದು ಕೆಳಗಿಳಿಯುವುದೇ ಆಟ. ಹಂಪಿ ನೋಡಲು ಬಂದವರು ಬರುತ್ತಾರೆ, ಸಂಡೂರು ಕಡೆಯ ಕಾರ್ಖಾನೆಗಳ ಇಂಜಿನಿಯರುಗಳು ಬರುತ್ತಾರೆ. ಅವರ ಮುಂದೆ ಇಳಿದು ದಾರಿ ತೋರಿಸುವ ಗೈಡ್ ನಾನು. ಅವ್ವನ ತಮ್ಮ ಮಾರೆಪ್ಪ ಮಾವ ಇಲ್ಲಿಯ ಮೆಕ್ಯಾನಿಕ್. ರಿಪೇರಿಯಾದ ಸೈಕಲ್ಲನ್ನು ಹತ್ತಿ ನೋಡಬೇಕಾದ್ದರಿಂದ ಅವನಿಗೂ ಒಂದು ಹೆಲ್ಮೆಟ್. ಇಡೀ ಪಾರ್ಕಿನಲ್ಲಿ ದಲಿತ ಕೇರಿಯಿಂದ ಕೆಲಸಕ್ಕೆ ಬರುವವರು ನಾವಿಬ್ಬರೇ.

ಸ್ಟೋರಿನ ಜಂಬುನಾಥ್ ಕೌಂಟರಿನಲ್ಲಿ ಮೊಣಕಾಲಿನ ಗಾರ್ಡುಗಳನ್ನು ಜೋಡಿಸುತ್ತಿದ್ದ.

"ಜಂಬಣ್ಣ, ಏನ್ರಿ ಈ ಟೇಪು?"

"ಸೈಜಿನ ಗುರುತು. ಮೀಡಿಯಂ ಸೈಜಿಗೆ ಹಳದಿ."

"ಮಾವಂದು ಲಾರ್ಜ್ ಐತಲ್ಲ?"

"ಹಂಗಾರ ಲಾರ್ಜಿಗೂ ಹಳದಿ."

"ಮತ್ತ ಮ್ಯಾಲ ಇಟ್ಟೀರಲ್ಲ ಇಷ್ಟು ಮೀಡಿಯಮ್ಮು, ಲಾರ್ಜು. ಅವಕ್ಕ?"

"ಬೆಳಿಗ್ಗೆ ಬೆಳಿಗ್ಗೆ ತಲಿ ತಿನ್ನಬ್ಯಾಡ. ಸಾಹೇಬ್ರು ಅಂಟ್ಸು ಅಂದ್ರು, ಅಂಟ್ಸೀನಿ. ನಾಳೆ ನನ್ನ ಹಣಿಗೆ ಅಂಟ್ಸ್ಕೊ ಅಂದ್ರ ಅದಕ್ಕೂ ಅಂಟ್ಸ್ಕೋತೀನಿ."

"ನಿಮ್ಮ ಹಣಿಗೆ ಯಾಕ ಅಂತಾರ್ರಿ? ಅಲ್ಲಿ ಆಗ್ಲೇ ವಿಭೂತಿ ಐತಲ್ಲ."

ಅವನು ಗಾರ್ಡುಗಳನ್ನು ಮತ್ತೆ ಮೊದಲಿನಿಂದ ಜೋಡಿಸತೊಡಗಿದ.

ಮ್ಯಾನೇಜರ್ ವಿರೂಪಾಕ್ಷಪ್ಪ ಫೋನಿನಲ್ಲಿದ್ದರು. ಅವರು ಯಾವಾಗಲೂ ಫೋನಿನಲ್ಲೇ ಇರುತ್ತಾರೆ. ಮುಗಿಯುವವರೆಗೂ ಎದುರಿಗೇ ನಿಂತೆ.

"ಏನಮ್ಮ ಪಲ್ಲವಿ, ಮುಖ ಗಂಟು ಹಾಕ್ಕೊಂಡೀಯಲ್ಲ?"

"ಟೇಪು ಯಾಕ್ರಿ ಸರ್?"

"ಅದಾ? ಸ್ಟಾಫ್ ಹೆಲ್ಮೆಟ್ ಅಂತ ಗುರುತಿಗೆ. ಗೆಸ್ಟ್‌ಗೋಳು ತಪ್ಪಿ ಹಾಕ್ಕೋಬಾರ್ದಲ್ಲ."

"ಮೌನೇಶ್ ಸ್ಟಾಫ್ ಅಲ್ಲೇನ್ರಿ?"

ಮೌನೇಶ್ ಮರಿಯಮ್ಮನಹಳ್ಳಿಯ ಹುಡುಗ, ನನ್ನ ಹಾಗೇ ಗೈಡು, ಈಚೆಗೆ ಸೇರಿದವನು. ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಕಂಕುಳಲ್ಲಿದ್ದ ಹೆಲ್ಮೆಟ್ಟಿನ ಮೇಲೆ ಟೇಪಿನ ಸುಳಿವಿರಲಿಲ್ಲ. ಅವನು ಬಗ್ಗಿ ಶೂ ಲೇಸು ಬಿಚ್ಚಿ ಕಟ್ಟಿಕೊಂಡ.

"ಅವ ಹೊಸಬ," ಅಂದರು ಮ್ಯಾನೇಜರ್.

"ಹಳಬರಿಗೆ ಅಷ್ಟ ಟೇಪೇನ್ರಿ?"

"ನಿನಗ್ಯಾಕಮ್ಮ ಇಷ್ಟು ತನಿಖಿ? ಒಂದು ಚೂರು ಟೇಪಿದ್ರ ತಲಿ ಭಾರ ಆಗ್ತೈತೇನು?"

ಅವತ್ತು ಸಂಜೆ ಉಗುರಿನಿಂದ ಕಿತ್ತು ಹಾಕಿದೆ. ಬುಧವಾರ ಬಂದರೆ ಮತ್ತೆ ಇತ್ತು, ಈ ಸಲ ಎರಡು ಪದರ. ಅದನ್ನೂ ಕಿತ್ತೆ. ಗುರುವಾರ ಹೆಲ್ಮೆಟ್ಟಿನ ಸುತ್ತ ಸುತ್ತಿಯೇ ಬಿಟ್ಟಿದ್ದರು. ಬ್ರೇಕ್ ಪ್ಯಾಡು ತರಿಸಿ ಎಂದು ಮಾವ ದೀಪಾವಳಿಯಿಂದ ಕೇಳುತ್ತಿದ್ದಾನೆ, ಬಂದಿಲ್ಲ. ಈ ಟೇಪಿಗೆ ಮಾತ್ರ ಯಾವ ಕೊರತೆಯೂ ಇರಲಿಲ್ಲ.

ಮತ್ತೆ ಹೋಗಿ ಕೇಳಿದೆ.

"ನೀನು ಮುಂದ ಇಳೀತಿ," ಅಂದರು ವಿರೂಪಾಕ್ಷಪ್ಪ. "ಹಿಂದ ಬರೋರಿಗೆ ದೂರದಿಂದ ಕಾಣ್ಲಿ ಅಂತ ಹಳದಿ. ಸೇಫ್ಟಿ!"

"ಮಾವನ ಹಿಂದ ಯಾರು ಬರ್ತಾರ್ರಿ? ಅವ ಶೆಡ್ಡಿನ ಸುತ್ತ ಒಂದು ಸುತ್ತು ಹೊಡದು ಇಳೀತಾನ."

ಮಾರನೇ ದಿನ ಅದು ಇನ್ಶೂರೆನ್ಸ್ ಆಯಿತು. ಇನ್ಶೂರೆನ್ಸಿಗೂ ಟೇಪಿಗೂ ಏನು ಸಂಬಂಧವೆಂದು ಕೇಳುವಷ್ಟರಲ್ಲಿ ಅವರ ಕಿವಿಗೆ ಫೋನು ಹೋಗಿತ್ತು.

ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ನನಗೆ ಇಷ್ಟು ಸಾಕುಸಾಕಾಗುತ್ತಿರಲಿಲ್ಲ. ಇಂಥವರ ತಲೆಗೆ ಹೋದದ್ದು ನಮ್ಮ ತಲೆಗೆ ಬರಬಾರದು, ಅಷ್ಟೇ ತಾನೇ ಮಾತು? ಆದರೆ ಹಾಗೆ ಹೇಳಿದರೆ ಠಾಣೆ, ಕೇಸು. ಅದಕ್ಕೇ ಹೇಳುವುದಿಲ್ಲ, ಅಂಟಿಸುತ್ತಾರೆ. ಅಂಟಿಸಿದ್ದಕ್ಕೆ ಕಾರಣ ಕೇಳಿದರೆ ಕೇಳಿದವಳಿಗೇ ತಲೆ ಕೆಟ್ಟಿದೆ ಎನ್ನುವ ಹಾಗೆ ನೋಡುತ್ತಾರೆ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಮಾವನನ್ನು ಕೇಳಿದೆ.

"ನಿನಗ ಏನೂ ಅನ್ಸಲ್ಲೇನು ಮಾವ?"

"ಅನ್ಸಿದ್ರ ಏನ್ ಮಾಡ್ಲಿ?" ಗ್ರೀಸಿನ ಕೈಯನ್ನು ಮಣ್ಣಿಗೆ ಉಜ್ಜಿ ರೊಟ್ಟಿ ಮುರಿದ. "ನಮ್ಮಪ್ಪನ ಕಾಲಕ್ಕ ಹೋಟ್ಲಾಗ ನಮ್ಮ ಲೋಟ ಹೊರಗ ಗ್ವಾಡಿ ಮ್ಯಾಲ ಇರ್ತಿತ್ತು. ಈಗ ನಮ್ಮ ಹೆಲ್ಮೆಟ್ಟು ಒಳಗ, ಕಪಾಟಿನಾಗ ಐತಿ. ಎಷ್ಟು ಮುಂದ ಬಂದೀವಿ ನೋಡಲೇ!"

"ನಗಬ್ಯಾಡ ಮಾವ."

"ನಾ ಎಲ್ಲಿ ನಗಾಕತ್ತೀನಿ? ಈ ಕೆಲಸ ಬಿಟ್ರ ನಿನಗ ಇಂಥಾ ಸೈಕಲ್ಲು ಯಾರು ಕೊಡ್ತಾರ? ಅದನ್ನ ಹೇಳು."

ಅವನು ಬೇಕೆಂದೇ ನನ್ನ ಸೈಕಲ್ಲಿನ ಹುಚ್ಚಿಗೆ ಕೈ ಹಾಕಿದ್ದ.

ನಮ್ಮಲ್ಲಿ ಎಲ್ಲಕ್ಕಿಂತ ಕಷ್ಟದ ದಾರಿಯ ಹೆಸರು ಮೊಸಳೆ ಬೆನ್ನು. ನೆತ್ತಿಯಿಂದ ಕೆರೆಯ ಕಡೆಗೆ ಒಂದರ ಹಿಂದೊಂದು ಗುಂಡುಬಂಡೆಗಳು, ನಡುವೆ ಸೈಕಲ್ಲು ಹಿಡಿಯುವಷ್ಟೇ ಸಂದು, ಕೊನೆಯಲ್ಲಿ ಆಳುದ್ದದ ಜಿಗಿತ. ಮೌನೇಶ್ ಸುಲಭದ ದಾರಿಗಳಿಗೆ ಹೋಗುತ್ತಾನೆ, ಇದಕ್ಕೆ ನಾನೇ. ಭಾನುವಾರ ಕಾರ್ಖಾನೆ ಕಾಲೊನಿಯಿಂದ ಬಂದ ಒಂದು ಗುಂಪನ್ನು ಅಲ್ಲಿ ನಿಲ್ಲಿಸಿಕೊಂಡು ದಿನವೂ ಹೇಳುವುದನ್ನೇ ಹೇಳಿದೆ. ಸೊಂಟ ಸೀಟಿನ ಹಿಂದಕ್ಕೆ ಇರಲಿ. ಬ್ರೇಕಿನ ಮೇಲೆ ಒಂದೊಂದೇ ಬೆರಳು. ಕಲ್ಲನ್ನು ನೋಡಬೇಡಿ, ನೋಡಿದರೆ ಚಕ್ರ ಕಲ್ಲಿಗೇ ಹೋಗುತ್ತದೆ, ಕಲ್ಲಿನಾಚೆ ನೋಡಿ.

ಆಮೇಲೆ ಬಿಟ್ಟೆ. ಮೊದಲ ಬಂಡೆಯ ಮೇಲೆ ಟೈರು ಕರಕರ ಎಂದಿತು, ಎರಡನೆಯದು ಕೆಳಗಿನಿಂದ ಒದೆಯಿತು, ಮೊಣಕೈ ಮೊಣಕಾಲು ತಾವೇ ಮಡಚಿ ಬಿಚ್ಚಿಕೊಂಡವು. ಸಂದಿನಲ್ಲಿ ಹ್ಯಾಂಡಲ್ಲು ಎರಡೂ ಕಡೆ ಕಲ್ಲನ್ನು ಸವರಿಕೊಂಡು ಹೋಯಿತು. ಜಿಗಿತದಲ್ಲಿ ಚಕ್ರದ ಸದ್ದು ನಿಂತುಹೋಗುವ ಒಂದು ಗಳಿಗೆ ಇದೆ. ಆ ಗಳಿಗೆಯಲ್ಲಿ ನನಗೆ ಟೇಪೂ ಇಲ್ಲ, ಕಪಾಟೂ ಇಲ್ಲ. ನೆಲ ತಾಗಿದ ಕೂಡಲೇ ಹಿಂದಿನಿಂದ ಯಾರೋ ಕೂಗಿದರು: "ಆ ಹಳದಿ ಪಟ್ಟಿ ಹಿಂದೆ ಬನ್ನಿ!"

ಅಲ್ಲಿಗೆ ಆ ಗಳಿಗೆಯೂ ಮುಗಿಯಿತು.

ಕೆಳಗೆ ಬಂದು ಎಲ್ಲರೂ ಹೆಲ್ಮೆಟ್ ಬಿಚ್ಚಿ ಮೇಜಿನ ಮೇಲಿಟ್ಟು ನಿಂಬೆ ಶರಬತ್ತು ಕುಡಿದರು. ಗುಂಪಿನಲ್ಲಿ ಗಾಯತ್ರಿ ಎಂಬ ಇಂಜಿನಿಯರ್ ಇದ್ದರು. ಅವರ ಹೆಲ್ಮೆಟ್ಟು ದಾರಿಯುದ್ದಕ್ಕೂ ಹಣೆಗೆ ಜಾರುತ್ತಿತ್ತು. ಅವರು ಮೇಜಿನ ಮೇಲಿದ್ದ ನನ್ನದನ್ನು ಎತ್ತಿ ತಲೆಗೆ ಹಾಕಿ ಬಕಲ್ ಒತ್ತಿದರು.

"ಇದು ನೋಡಿ, ಎಷ್ಟು ಸರಿಯಾಗಿ ಕೂತಿದೆ. ಮುಂದಿನ ಸಲ ಇದನ್ನೇ ಹಾಕ್ಕೊಳ್ಳಲಾ?"

"ಹಾಕ್ಕೋರಿ," ಅಂದೆ.

ಆಫೀಸಿನ ಕಟ್ಟೆಯಿಂದ ವಿರೂಪಾಕ್ಷಪ್ಪ ಓಡಿ ಬಂದರು. ಹೋದ ತಿಂಗಳು ಒಬ್ಬರು ಬಿದ್ದು ಕೈ ಮುರಿದುಕೊಂಡಾಗಲೂ ಅವರು ಇಷ್ಟು ಜೋರು ಓಡಿರಲಿಲ್ಲ.

"ಮೇಡಂ, ಮೇಡಂ! ಅದು ಬ್ಯಾಡ್ರಿ. ತಗೀರಿ, ತಗೀರಿ."

"ಯಾಕೆ?"

"ಅದು ಸರಿ ಇಲ್ರಿ."

"ಏನು ಸರಿ ಇಲ್ಲ?"

ಅವರು ನನ್ನನ್ನು ನೋಡಿದರು, ಟೇಪನ್ನು ನೋಡಿದರು. "ಒಳಗ ಸೀಳು ಬಿಟ್ಟೈತ್ರಿ. ಗುರುತಿಗೆ ಅಂತ ಟೇಪು ಹಾಕೀವಿ ನೋಡ್ರಿ. ಡ್ಯಾಮೇಜ್ ಪೀಸು."

ಗಾಯತ್ರಿ ಹೆಲ್ಮೆಟ್ ತೆಗೆದು ಒಳಗೆಲ್ಲ ಬೆರಳಾಡಿಸಿದರು. "ಸೀಳು ಬಿಟ್ಟಿರೋದನ್ನ ಹಾಕಿ ಈ ಹುಡುಗೀನ ಆ ಬಂಡೆ ಮೇಲಿಂದ ಇಳಿಸ್ತೀರಾ? ಅವಳ ತಲೆ ತಲೆಯಲ್ವಾ? ನಮ್ಮ ಪ್ಲಾಂಟಲ್ಲಿ ಹೀಗೆ ಮಾಡಿದ್ರೆ ಅವತ್ತೇ ಕೆಲಸ ನಿಲ್ಲಿಸ್ತಾರೆ."

ಶರಬತ್ತು ಹಿಡಿದವರೆಲ್ಲ ಸುತ್ತ ಸೇರಿದರು. ಒಬ್ಬರು ಫೋನು ತೆಗೆದರು. ವಿರೂಪಾಕ್ಷಪ್ಪನವರ ಮುಖ ಚಿಕ್ಕದಾಯಿತು.

"ಏ ಜಂಬುನಾಥ್! ಪಲ್ಲವಿಗೆ ಹೊಸಾ ಹೆಲ್ಮೆಟ್ ಕೊಡೋ, ಜಲ್ದಿ! ಎಷ್ಟು ಸಲ ಹೇಳೀನಿ ಈಕಿಗೆ, ಹೊಸದು ತಗೋ ಅಂತ, ಕೇಳಂಗಿಲ್ರಿ."

ಇನ್ನೊಂದು ಸಲ ಇಳಿಯಲೆಂದು ಗುಂಪು ಪಿಕಪ್ ಕಡೆಗೆ ಹೊರಟಿತು. ಗಾಯತ್ರಿ ಹಿಂದುಳಿದು ಮೆಲ್ಲಗೆ ಕೇಳಿದರು: "ನಿಜವಾಗಿ ಸೀಳು ಇದೆಯಾ? ನಂಗೇನೂ ಸಿಗಲಿಲ್ಲ."

"ನಂಗೂ ಸಿಕ್ಕಿಲ್ರಿ. ಮೊದ್ಲು ಸೈಜಿಗೆ ಅಂತಿದ್ರು, ಆಮ್ಯಾಲ ಸ್ಟಾಫು, ಸೇಫ್ಟಿ, ಇನ್ಶೂರೆನ್ಸು. ಸೀಳು ಇವತ್ತ ಬಿಟ್ಟಿದ್ದು. ಅಲ್ಲಿ ನಮ್ಮ ಮಾವಂದೂ ಹಿಂಗ ಐತಿ ನೋಡ್ರಿ."

ಅವರು ಶೆಡ್ಡಿನ ಕಡೆ ನೋಡಿದರು. ಮೊಳೆಗೆ ತೂಗುಹಾಕಿದ್ದ ಮಾವನ ಹೆಲ್ಮೆಟ್ಟಿನ ಹಳದಿ ಬಿಸಿಲಿಗೆ ಹೊಳೆಯುತ್ತಿತ್ತು. "ಅಂದ್ರೆ..." ಅಂದರು. ಗೆಳತಿಯರು ಕರೆದರು, ಹೋದರು.

ಸ್ಟೋರಿನಲ್ಲಿ ಜಂಬುನಾಥ್ ಡಬ್ಬ ಒಡೆದು ಬಿಳಿಯ ಹೆಲ್ಮೆಟ್ ಕೊಟ್ಟ. ಹೊಸ ಪ್ಲಾಸ್ಟಿಕ್ಕಿನ ವಾಸನೆ. ಪಟ್ಟಿಯನ್ನು ನನ್ನ ಗದ್ದಕ್ಕೆ ಸರಿಹೊಂದಿಸುತ್ತಿದ್ದೆ. ವಿರೂಪಾಕ್ಷಪ್ಪ ಒಳಗೆ ಬಂದು ಬಾಗಿಲನ್ನು ಅರ್ಧ ಮುಂದೆ ಮಾಡಿ, ಕೌಂಟರಿನ ಮೇಲಿದ್ದ ಟೇಪಿನ ಸುರುಳಿಯನ್ನು ನನ್ನ ಕೈಗಿಟ್ಟರು.

"ಒಂದು ಚೂರು ಅಂಟ್ಸ್ಕೊ ಪಲ್ಲವಿ. ನೀನ ಅಂಟ್ಸ್ಕೊ. ಮತ್ತ ನಾ ಅಂಟ್ಸಿದೆ ಅನ್ನಬ್ಯಾಡ."

"ಇದೂ ಡ್ಯಾಮೇಜ್ ಪೀಸೇನ್ರಿ?"

"ನೋಡಮ್ಮ, ನನಗ ಇಂಥಾದ್ದೆಲ್ಲ ಇಲ್ಲ. ನಿಮ್ಮ ಮನಿಯಾಗ ಊಟಾನೂ ಮಾಡ್ತೀನಿ ನಾನು. ಆದ್ರ ಊರ ಗೌಡ್ರ ಮಕ್ಳು ಬರ್ತಾರ, ಯಾವ ಹೆಲ್ಮೆಟ್ ಯಾರ್ದು ಅಂತ ಕೇಳ್ತಾರ. ನಾ ಏನ್ ಹೇಳ್ಲಿ?"

"ಯಾವಾಗ ಊಟಕ್ಕ ಬಂದಿದ್ರಿ ಸರ್?"

ಹೊರಗೆ ಪಿಕಪ್ ಹಾರನ್ ಹೊಡೆಯಿತು.

"ಮಾತು ಬೆಳಸಬ್ಯಾಡ. ಅಂಟ್ಸ್ತೀಯೋ ಇಲ್ಲೋ? ಇಲ್ಲಂದ್ರ ಮೌನೇಶ್ ಕರ್ಕೊಂಡು ಹೋಗ್ತಾನ, ನೀ ಹಿಂಗ ಮನಿಗೆ ನಡಿ."

ಬಾಗಿಲಾಚೆಯಿಂದ ಮೌನೇಶನ ದನಿ ಬಂತು. "ಸರ್, ಮೊಸಳಿ ಬೆನ್ನು ನನಗ ಬರಲ್ರಿ."

"ನೀ ಬಾಯಿ ಮುಚ್ಚೋ!"

ಮಾವನೂ ಅಲ್ಲೇ ಇದ್ದ ಅಂತ ಕಾಣುತ್ತದೆ. ಎಲ್ಲ ಕೇಳಿಸಿಕೊಂಡಿದ್ದ. ಟೇಪಿನ ಮಾತೇ ಎತ್ತದೆ ಕಿಟಕಿಯಿಂದ ಅಂದ: "ಪಲ್ಲವೀ, ನಿನ್ನ ಸೈಕಲ್ ರೆಡಿ ಐತಿ. ಮುಂದಿನ ಬ್ರೇಕು ಬಿಗಿ ಮಾಡೀನಿ."

ನಾನು ಸುರುಳಿಯನ್ನು ಕೌಂಟರಿನ ಮೇಲಿಟ್ಟೆ. ಬಿಳಿಯ ಹೆಲ್ಮೆಟ್ ತಲೆಗೆ ಹಾಕಿಕೊಂಡು ಬಕಲ್ ಒತ್ತಿದೆ.

"ಅಂಟ್ಸಲ್ರಿ," ಅಂದೆ. "ಮನಿಗೂ ಹೋಗಲ್ಲ."