ಪಾಪಮ್ಮನ ಬೆರಣಿ ಮುರಿದದ್ದು

ಪಾಪಮ್ಮನ ಬೆರಣಿಗೆ ಗೋವಿಂದರಾಜನಗರದಲ್ಲಿ ಒಂದು ಹೆಸರಿತ್ತು. ಗೃಹಪ್ರವೇಶದ ಹೋಮಕ್ಕೆ ಸುತ್ತಲಿನವರು ಹೇಳಿ ಇಡಿಸುತ್ತಿದ್ದರು. ಚಂದ್ರಾ ಲೇಔಟಿನ ಏಕಾಂತಯ್ಯನವರಂತೂ ವಿಭೂತಿ ಸುಡುವುದಕ್ಕೆ ಬೇರೆ ಬೆರಣಿ ಮುಟ್ಟುತ್ತಿರಲಿಲ್ಲ. ರೊಟ್ಟಿಯ ಹಾಗೆ ಗುಂಡಗೆ, ಎತ್ತಿ ಎಸೆದರೂ ಮುಕ್ಕಾಗದಷ್ಟು ಗಟ್ಟಿ. ಅಂಥ ಬೆರಣಿ ಆ ಸೋಮವಾರ ಗೋಡೆಯಿಂದ ಕೀಳುತ್ತಲೇ ಪಾಪಮ್ಮನ ಕೈಯಲ್ಲಿ ನಾಲ್ಕು ಹೋಳಾಯಿತು.

ಇನ್ನೊಂದು ಕಿತ್ತಳು. ಅದೂ ಪುಡಿಪುಡಿ. ಹೋಳನ್ನು ಬಿಸಿಲಿಗೆ ಹಿಡಿದು ನೋಡಿದಳು. ಹಸು ಅರಗಿಸಲಾರದೆ ಬಿಟ್ಟ ಹುಲ್ಲಿನ ಎಳೆಗಳೇ ಬೆರಣಿಯನ್ನು ಹಿಡಿದಿಡುವುದು. ಇದರಲ್ಲಿ ಎಳೆ ಹುಡುಕಿದರೂ ಇರಲಿಲ್ಲ. ಗೋದಲಿ ನೋಡಿದರೆ ನೆಕ್ಕಿದಂತೆ ಖಾಲಿ. ಹುಲ್ಲು ಒಳಗೆ ಹೋಗುತ್ತಿದೆ, ಆಚೆ ಬರುತ್ತಿಲ್ಲ. ಅಂದ ಮೇಲೆ ಹೊಟ್ಟೆಯಲ್ಲೇ ಕಟ್ಟಿಕೊಂಡಿದೆ! ಐವತ್ತು ವರ್ಷ ಸೆಗಣಿ ನೋಡಿಯೇ ಹಸುವಿನ ಆರೋಗ್ಯ ಹೇಳಿದವಳ ಲೆಕ್ಕ ಇದು. ತಪ್ಪುವುದುಂಟೆ?

ಚಂದ್ರಿ ಮನೆಯ ಕೊನೆಯ ಹಸು. ಅದರ ಕೊಟ್ಟಿಗೆಯ ಮೇಲೆ ಮಗ ದರ್ಶನ್‌ನ ಕಣ್ಣು ಬಿದ್ದು ವರ್ಷವಾಗಿತ್ತು. ಅವನ ಹೊಸ ಕಾರು ಜಾಗವಿಲ್ಲದೆ ರಸ್ತೆಯಲ್ಲಿ ನಿಂತು ಎರಡು ಸಲ ಗೀರು ತಿಂದಿತ್ತು. "ನಾಲ್ಕು ಲೀಟರ್ ಹಾಲಿಗೆ ಇಷ್ಟು ಜಾಗ ಬೇಕಾ ಅಮ್ಮ? ತಾವರೆಕೆರೆ ದ್ಯಾಮಪ್ಪ ಮಾವನ ಹತ್ರ ಬಿಟ್ಬಿಡೋಣ, ಚೆನ್ನಾಗಿ ನೋಡ್ಕೋತಾರೆ" ಎಂದಿದ್ದ. ಪಾಪಮ್ಮ ಜಗಳವಾಡಿ, ಅತ್ತು, ಕೊನೆಗೆ ಒಂದು ತಿಂಗಳ ಗಡುವು ಪಡೆದಿದ್ದಳು. ಅಷ್ಟರಲ್ಲಿ ದಿನದ ಹಾಲು ಆರು ಲೀಟರ್ ಮುಟ್ಟಿದರೆ ಚಂದ್ರಿ ಇಲ್ಲೇ, ಇಲ್ಲದಿದ್ದರೆ ತಾವರೆಕೆರೆಗೆ.

ಹಾಲು ಏರುತ್ತಲೂ ಇತ್ತು. ಅದೇ ಒಣ ರಾಗಿ ಹುಲ್ಲು, ಅದೇ ಬೂಸಾ, ಆದರೂ ಐದೂವರೆಗೆ ಬಂದಿತ್ತು. ಎಲ್ಲಾ ತನ್ನ ಕೈಗುಣ ಎಂದು ಪಾಪಮ್ಮ ಅಕ್ಕಪಕ್ಕದ ಆಂಟಿಯರಿಗೆಲ್ಲ ಸಾರಿಕೊಂಡು ಬಂದಿದ್ದಳು. ಈಗ ಗಡುವಿಗೆ ಮೂರೇ ದಿನ ಇರುವಾಗ ಹೊಟ್ಟೆಯ ಕಾಯಿಲೆ!

ಓಮಿನ ಕಷಾಯ ಕುಡಿಸಿದಳು. ಚಂದ್ರಿ ಸೊಗಸಾಗಿ ಕುಡಿದು, ತೇಗಿ, ಮೆಲುಕು ಹಾಕತೊಡಗಿತು. ಪಾಪಮ್ಮನಿಗೆ ಸಮಾಧಾನವಾಗಲಿಲ್ಲ. ಸೊಸೆಯನ್ನು ಹಿತ್ತಲಿಗೆ ಕರೆದಳು.

"ಲತಾ, ದನಿನ ಆಸ್ಪತ್ರೆ ಸೌಮ್ಯಶ್ರೀ ಡಾಕ್ಟರಮ್ಮಂಗೆ ಫೋನ್ ಮಾಡು. ದರ್ಶನ್‌ಗೆ ಗೊತ್ತಾಗ್ಬಾರ್ದು. ಚಂದ್ರಿ ಹೊಟ್ಟೇಲಿ ಹುಲ್ಲು ಕಟ್ಕೊಂಡಿದೆ ಕಣೇ. ನೋಡು, ಬೆರಣೀಲಿ ಒಂದು ಎಳೆ ಇಲ್ಲ." ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿಕೊಂಡಿತು.

ಲತಾಳ ಮುಖ ಚಿಕ್ಕದಾಯಿತು.

"ಕಟ್ಕೊಂಡಿಲ್ಲ ಅತ್ತೆ, ಅರಗ್ತಾ ಇದೆ. ನಾನೇ... ಹುಲ್ಲಿಗೆ ಒಂದು ಪುಡಿ ಹಾಕ್ತಾ ಇದೀನಿ."

ಡಾಕ್ಟರಮ್ಮನೇ ಹೇಳಿಕೊಟ್ಟದ್ದಂತೆ. ಎಂಜೈಮ್ ಎಂದು ಅದರ ಹೆಸರು. ನೀರಿನಲ್ಲಿ ಕಲಸಿ ಒಣ ಹುಲ್ಲಿಗೆ ಚಿಮುಕಿಸಿ ಸ್ವಲ್ಪ ಹೊತ್ತು ಬಿಟ್ಟರೆ ಗಟ್ಟಿ ನಾರು ಸಡಿಲವಾಗುತ್ತದೆ, ಅದೇ ಹುಲ್ಲಿನಿಂದ ಹಸುವಿಗೆ ಹೆಚ್ಚು ಸತ್ವ ಸಿಗುತ್ತದೆ. ಸೊಸೆ ದಿನಾ ಹುಲ್ಲಿಗೆ ನೀರು ಚಿಮುಕಿಸುವುದನ್ನು ಪಾಪಮ್ಮ ನೋಡಿದ್ದಳು. ಧೂಳು ಕೂರಿಸುತ್ತಿದ್ದಾಳೆ ಅಂದುಕೊಂಡಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೋದ ವರ್ಷ ತಂದ ಪುಡೀನ ಮೋರಿಗೆ ಸುರಿದ್ರಲ್ಲ ಅತ್ತೆ. ಚಂದ್ರಿ ಹೋದ್ರೆ ನೀವು ಊಟ ಬಿಡ್ತೀರ. ಅದನ್ನ ನಾನು ನೋಡಕ್ಕಾಗಲ್ಲ."

ಪಾಪಮ್ಮನಿಗೆ ಮೊದಲು ಬಂದದ್ದು ಸಿಟ್ಟೇ. ತನ್ನ ಕೈಗುಣ ಅಂದುಕೊಂಡದ್ದು ಒಂದು ಡಬ್ಬಿ ಪುಡಿಯಂತೆ! ಬೀದಿಗೆಲ್ಲ ಸಾರಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಆದರೆ ಹಸುವಿಗೆ ಕಾಯಿಲೆ ಇಲ್ಲ ಎಂಬ ಸಂತೋಷ ಅದಕ್ಕಿಂತ ದೊಡ್ಡದಾಗಿತ್ತು. ಎದ್ದು ಮಚ್ಚು ತಂದಳು. ಒಂದು ಹಿಡಿ ಹುಲ್ಲನ್ನು ಸಣ್ಣಗೆ ಕೊಚ್ಚಿ ಸೆಗಣಿಗೆ ಬೆರೆಸಿ ನಾದತೊಡಗಿದಳು.

"ಚಂದ್ರಿ ಅರಗಿಸ್ಕೊಂಡಿದ್ದನ್ನ ನಾನು ವಾಪಸ್ ಹಾಕ್ಬೇಕಾಯ್ತು ನೋಡು" ಎಂದಳು. ಲತಾ ನಕ್ಕಾಗ ಅವಳೂ ನಕ್ಕಳು.

ಗುರುವಾರ ದರ್ಶನ್ ತಾನೇ ನಿಂತು ಬೆಳಗಿನದೂ ಸಂಜೆಯದೂ ಅಳೆದ. ಆರು ಲೀಟರ್, ಮೇಲೊಂದು ಲೋಟ. ಅವನು ಕಾರಿನ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ತಲೆ ಕೆರೆದುಕೊಂಡ.

"ಏನಮ್ಮ ಇದು! ಒಪ್ಪಿದೆ, ನಿನ್ ಕೈಗುಣಾನೇ ಕೈಗುಣ."

ಲತಾ ನೆಲ ನೋಡುತ್ತಿದ್ದಳು. ಪಾಪಮ್ಮ ಸುಮ್ಮನಿದ್ದರೆ ಅವಳ ಹೆಸರು ಹಾಗೇ ಉಳಿಯುತ್ತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಹಾಲಿನ ತಂಬಿಗೆಯನ್ನು ಸೊಸೆಯ ಕೈಗಿಟ್ಟಳು.

"ನಂದಲ್ಲ ಕಣೋ" ಎಂದಳು. "ಇವಳದು."